ಒಂಟಿ ಕೊಕ್ಕರೆಯ ಮುಂಗಾಲು

ಒಂದಾನೊಂದು ಬಯಲಿನಲ್ಲಿ ಒಂದು ದಾರಿಯಿತ್ತು. ಅದು ಯಾವ ಊರಿನಿಂದಲೂ ಬರುತ್ತಿರಲಿಲ್ಲ, ಯಾವ ಊರಿಗೂ ಹೋಗುತ್ತಿರಲಿಲ್ಲ. ಕಾನ್ಸಾಸ್‌ನ ಗೋಧಿ ಹೊಲಗಳ ನಡುವೆ ಕಾಲು ಮೈಲಿ ನೆಟ್ಟಗೆ ಓಡಿ, ದಣಿದು, ಹುಲ್ಲಿನಲ್ಲಿ ಮುಗಿದುಹೋಗುತ್ತಿತ್ತು. ಆದರೂ ಭಾನುವಾರ ಬಂತೆಂದರೆ ಸುತ್ತಲಿನ ಜನ ತಮ್ಮ ಹಳೆಯ ಕಾರುಗಳನ್ನು ಎಳೆದು ತಂದು, ಎರಡೆರಡನ್ನು ಅಕ್ಕಪಕ್ಕ ನಿಲ್ಲಿಸಿ, ಆ ಎಲ್ಲಿಗೂ ಹೋಗದ ದಾರಿಯ ತುದಿಯನ್ನು ಯಾರು ಮೊದಲು ಮುಟ್ಟುತ್ತಾರೆಂದು ನೋಡುತ್ತಿದ್ದರು.

ಅಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಒಂದು ಹಳದಿಯದು. ಉದ್ದನೆಯ ಮೂತಿಯನ್ನು ಮೇಲಕ್ಕೆತ್ತಿ, ತೆಳ್ಳನೆಯ ಮುಂದಿನ ಚಕ್ರಗಳ ಮೇಲೆ ನಿಲ್ಲುತ್ತಿದ್ದ ಅದರ ಬಾಗಿಲ ಮೇಲೆ ಯಜಮಾನ ಅರ್ವಿಡ್ ಹೆಸರು ಬರೆಸಿದ್ದ: ಒಂಟಿ ಕೊಕ್ಕರೆ.

ಆರು ವರ್ಷದ ಹಿಂದೆ ಕೊಕ್ಕರೆಯ ಕಾಲು ಮುರಿಯಿತು. ಅರ್ವಿಡ್‌ನ ಸೊಂಟವೂ ಮುರಿಯಿತು. ಅವನ ಒಬ್ಬಳೇ ಮಗಳು ಮಾರ್ನಿಯೊಳಗೆ ಮುರಿದದ್ದನ್ನು ಮಾತ್ರ ಯಾರೂ ಕಾಣಲಿಲ್ಲ.

ಈಗ ಅರ್ವಿಡ್ ಇಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಶೆಡ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

ಮಾರ್ನಿ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

ವೆಂಡೆಲ್… ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಕೈಗಳು ಮಾತ್ರ ಹಾಗೆಯೇ ಇವೆ.

"ಫೋನ್ ಮಾಡಿದ್ಯಂತೆ," ಅಂದ.

"ನಾನಲ್ಲ. ಹಿಲ್ಮಾ ಅತ್ತೆ ಮಾಡಿದ್ದು."

"ನೀನು ಹೇಳಿದ್ದಕ್ಕೆ ಮಾಡ್ದೆ ಅಂದ್ರು."

"ಬೇರೆ ಯಾರೂ ಸಿಗ್ಲಿಲ್ಲ. ಅದಕ್ಕೆ."

ಅವನು ತಲೆಯಾಡಿಸಿದ. "ಗಾಡಿ ಎಲ್ಲಿದೆ?"

ಅವಳು ಟಾರ್ಪಾಲು ಎಳೆದಳು. ಆರು ವರ್ಷದ ಧೂಳು ಇಬ್ಬರ ನಡುವೆ ಎದ್ದು ನಿಂತಿತು.

*

ಏಪ್ರಿಲ್‌ನಲ್ಲಿ, ಕೊನೆಯುಸಿರಿಗೆ ನಾಲ್ಕು ದಿನ ಮುಂಚೆ, ಅಪ್ಪ ಅವಳ ಮಣಿಕಟ್ಟು ಹಿಡಿದು ಮಾತು ತೆಗೆದುಕೊಂಡಿದ್ದ.

"ಇನ್ನೊಂದು ಸಲ ಅದು ಕೊನೇ ಗೆರೆ ದಾಟ್ಬೇಕು ಮಗಳೇ. ನೆಟ್ಟಗೆ. ಮುಂಭಾಗ ವೆಂಡೆಲ್‌ನೇ ಬಿಚ್ಲಿ. ಬೇರೆಯವರು ಕೈ ಹಾಕೋದು ಬೇಡ."

"ಅವನಾ? ಅವನಿಂದ್ಲೇ ಅಲ್ವಾ ಅಪ್ಪ ನೀನು ಹೀಗೆ…"

ಅಪ್ಪ ಗೋಡೆಯ ಕಡೆ ಹೊರಳಿದ್ದ. "ಮಾತು ಕೊಡು."

ಕೊಟ್ಟಿದ್ದಳು. ಆದರೂ ಐದು ತಿಂಗಳು ಆ ಹೆಸರನ್ನು ನುಂಗಿಕೊಂಡೇ ಕಳೆದಳು. ಬೇರೆ ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿದಳು. ಒಬ್ಬ, ಈ ಕಾಲದಲ್ಲಿ ಚಕ್ರಕ್ಕೆ ಇಂಥ ಅಚ್ಚು ಯಾರು ಇಡ್ತಾರೆ, ಕತ್ತರಿಸಿ ಹೊಸದು ಹಾಕೋಣ ಎಂದ. ಇನ್ನೊಬ್ಬ ಚಕ್ರ ಅಲ್ಲಾಡಿಸಿ ನೋಡಿ, ಕಾಫಿ ಕುಡಿದು ಹೋದ. ಅಷ್ಟರಲ್ಲಿ ಸುದ್ದಿ ಬಂತು. ಅಕ್ಟೋಬರಿನ ಕೊನೆಯ ಭಾನುವಾರವೇ ಆ ದಾರಿಯ ಕೊನೆಯ ಓಟ. ಆಮೇಲೆ ಅದನ್ನು ಅಗೆದು ಗೋಧಿ ಬಿತ್ತುತ್ತಾರೆ.

ಆಗ ನುಂಗಿದ ಹೆಸರು ಹೊರಗೆ ಬಂತು.

*

ಆರು ವರ್ಷದ ಹಿಂದಿನ ಆ ಶನಿವಾರ ಕೊಕ್ಕರೆಯ ಮುಂದಿನ ಅಚ್ಚನ್ನು ಕೂರಿಸಿದವನು ವೆಂಡೆಲ್. ಅಚ್ಚಿಗೂ ಅದರ ಮೇಲಿನ ಸ್ಪ್ರಿಂಗ್ ಪಟ್ಟಿಗಳಿಗೂ ನಡುವೆ ಬೆರಳುದ್ದದ ಕಬ್ಬಿಣದ ಬೆಣೆ ಇಡುತ್ತಾರೆ. ದಪ್ಪ ತುದಿ ಹಿಂದಕ್ಕಿದ್ದರೆ, ಸೈಕಲ್ಲಿನ ಮುಂದಿನ ಚಕ್ರದ ಹಾಗೆ, ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಮುಂದಕ್ಕಿದ್ದರೆ ವೇಗ ಏರಿದಂತೆ ಚಕ್ರ ದಾರಿ ಮರೆಯುತ್ತದೆ.

ಭಾನುವಾರ ಕೊಕ್ಕರೆ ದಾರಿ ಮರೆಯಿತು. ಅಡ್ಡಾದಿಡ್ಡಿ ತೂರಾಡಿ ಹಳ್ಳಕ್ಕೆ ಬಿತ್ತು. ಯಾರೋ ಕೆಳಗೆ ಇಣುಕಿ ನೋಡಿ ಹೇಳಿದರು, ಬೆಣೆ ತಿರುಗಾಮುರುಗಾ ಕೂತಿದೆ.

ಆಸ್ಪತ್ರೆಯ ಓಣಿಯಲ್ಲಿ ಮಾರ್ನಿ ಅವನಿಗೆ ಹೇಳಿದ್ದು ಒಂದೇ ಮಾತು. "ನಿನ್ನ ಕೈನ ನಂಬಿದ್ವಿ. ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ."

ಅವನು ಒಂದು ಸಮಜಾಯಿಷಿಯನ್ನೂ ಕೊಡಲಿಲ್ಲ. ಆ ವಾರವೇ ಊರು ಬಿಟ್ಟು ಒಕ್ಲಹೋಮಾದ ಎಣ್ಣೆ ಬಾವಿಗಳ ಕಡೆ ಹೋದ.

ಆ ಓಟಕ್ಕೆ ಹದಿನೈದು ದಿನ ಮುಂಚೆ, ಊರಿನ ಸಭಾಂಗಣದಲ್ಲಿ ಕುಣಿತ ಮುಗಿದು ಎಲ್ಲರೂ ಕೋಟು ಹುಡುಕುತ್ತಿರುವಾಗ, ಅವಳ ಕೈ ಹಿಡಿದು ಅವನು ಹೇಳಿದ್ದ. "ಓಟ ಮುಗಿದ್ಮೇಲೆ ಒಂದು ಮಾತು ಕೇಳ್ಬೇಕು ನಿನ್ನ."

ಆ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಉತ್ತರವನ್ನೂ ಇಟ್ಟುಕೊಂಡಿದ್ದಳು. ಕೇಳುವವನೇ ಬರಲಿಲ್ಲ.

*

ಮಾರ್ನಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕೊನೆಯ ಮಗು ಇಳಿದ ಮೇಲೆ ಮನೆಯವರೆಗೆ ಹನ್ನೊಂದು ಮೈಲಿ. ನಲವತ್ತು ಖಾಲಿ ಸೀಟುಗಳು ಬೆನ್ನ ಹಿಂದೆ ಕಿರುಗುಟ್ಟುತ್ತಿದ್ದವು. ಎಷ್ಟೋ ದಿನ ಅವಳು ಆ ಸೀಟುಗಳ ಜೊತೆಯೇ ಮಾತಾಡುತ್ತಾ ಬಂದದ್ದುಂಟು.

ಈಗ ಬರುವಾಗ ಶೆಡ್ಡಿನ ಮುಂದೆ ಅವನ ಪಿಕಪ್ ಕಾಣುತ್ತಿತ್ತು. ಕಂಡರೂ ಮಾತು ಇಷ್ಟೇ.

"ಜಾಕ್ ಕೊಡು."

"ತಗೋ."

"ಬೆಳಕು ಈ ಕಡೆ."

ಅವನು ಪಿಕಪ್‌ನ ಹಿಂಬದಿಯ ಮೇಲೆ ಕೂತು ಡಬ್ಬಿಯ ಬ್ರೆಡ್ಡು ತಿನ್ನುತ್ತಿದ್ದ. ಅವಳು ಅಡುಗೆಮನೆಯ ಕಿಟಕಿಯ ಬಳಿ ಕೋಳಿ ಸಾರಿನ ನೂಡಲ್ಸ್ ತಿನ್ನುತ್ತಿದ್ದಳು. ನಡುವೆ ಮೂವತ್ತು ಹೆಜ್ಜೆ. ಪಾತ್ರೆಯಲ್ಲಿ ಪ್ರತಿದಿನ ಒಬ್ಬರ ಪಾಲು ಮಿಗುತ್ತಿತ್ತು.

ಕರೆಯಬಹುದಿತ್ತು… ಆದರೆ ಯಾವ ಮುಖದಿಂದ? ಅಪ್ಪನ ಸೊಂಟ ಮುರಿದವನನ್ನು?

ಮೂರನೆಯ ದಿನ ಅವನು ಅಚ್ಚಿನ ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆಯುತ್ತಿದ್ದ. ಬಟ್ಟೆಯಾಡುವ ಸದ್ದು ಥಟ್ಟನೆ ನಿಂತಿತು.

"ಮಾರ್ನಿ, ಇಲ್ಲಿ ಬಾ."

ಆರು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು… ಅವಳು ರಟ್ಟಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಜಾರಿದಳು.

"ನಟ್ಟು ಬಿಗಿ ಮಾಡಿದ್ಮೇಲೆ ನಾನೇನು ಮಾಡ್ತೀನಿ, ನೆನಪಿದ್ಯಾ?"

"ಬಿಳಿ ಬಣ್ಣದಲ್ಲಿ ಗೆರೆ ಎಳೀತೀಯ. ನಟ್ಟಿನಿಂದ ಬೋಲ್ಟಿಗೆ, ಒಂದೇ ಗೆರೆ. ನಟ್ಟು ಅಲ್ಲಾಡಿದ್ರೆ ಗೆರೆ ತಪ್ಪುತ್ತೆ. ಅಪ್ಪ ನಗಾಡೋನು, ಮದುವೆ ಹೆಣ್ಣಿಗೆ ಬೊಟ್ಟು ಇಟ್ಟ ಹಾಗೆ ಇಡ್ತಾನೆ ಅಂತ."

"ನೋಡು."

ನಟ್ಟಿನ ಮೇಲಿನ ಗೆರೆ ಒಂದು ಕಡೆ, ಬೋಲ್ಟಿನ ಮೇಲಿನದು ಇನ್ನೊಂದು ಕಡೆ. ನಾಲ್ಕರಲ್ಲೂ ಹಾಗೆಯೇ.

"ಪಟ್ಟಿ ಎಣಿಸು," ಅಂದ.

"ನಾಲ್ಕು."

"ನಾನು ಐದು ಹಾಕಿದ್ದೆ."

ಮಾರ್ನಿಗೆ ನೆನಪಾಯಿತು. ಆ ಶನಿವಾರ ಸಂಜೆ ವೆಂಡೆಲ್ ಹೋದ ಮೇಲೆ ಊಟಕ್ಕೆ ಕರೆಯಲು ಬಂದಾಗ, ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಸ್ಪಾನರಿನ ಸದ್ದು. "ಬರ್ತೀನಿ ಕಣೇ, ನೀನು ಉಣ್ಣು," ಅಂದಿದ್ದ ಅಪ್ಪ.

"ಮೂತಿ ಇನ್ನೂ ಎತ್ತರಕ್ಕೆ ಏಳ್ಬೇಕು ಅಂತಿದ್ದ," ಅವಳು ಮೆಲ್ಲಗೆ ಹೇಳಿದಳು. "ಒಂದು ಪಟ್ಟಿ ತೆಗೆದ್ರೆ ಸ್ಪ್ರಿಂಗ್ ಮೆತ್ತಗಾಗಿ, ಹೊರಡುವಾಗ ಏಳುತ್ತೆ ಅಂತ…"

"ತೆಗೆದು, ವಾಪಸ್ ಜೋಡಿಸುವಾಗ ಬೆಣೆ ತಿರುಗಿಸಿಟ್ರು. ಅವರ ಮೊದಲನೇ ಕಾರಲ್ಲಿ ಅಚ್ಚು ಪಟ್ಟಿಯ ಮೇಲಿತ್ತು. ಅಂಥದ್ರಲ್ಲಿ ದಪ್ಪ ತುದಿ ಮುಂದಕ್ಕೇ ಇಡ್ಬೇಕು. ಮೂವತ್ತು ವರ್ಷದ ಕೈರೂಢಿ, ಮಾರ್ನಿ. ಕೈ ಕೇಳ್ದೆ ಮಾಡ್ಬಿಟ್ಟಿದೆ."

ಅದಕ್ಕೇ ಟಾರ್ಪಾಲು. ಅದಕ್ಕೇ ಯಾರೂ ಕೈ ಹಾಕಬಾರದೆಂಬ ಹಟ. ವೆಂಡೆಲ್‌ನೇ ಬಿಚ್ಚಲಿ… ಬದುಕಿರುವಾಗ ಬಾಯಿ ಬಿಡಲಾರದ ಮಾತನ್ನು ಅಪ್ಪ ಕಬ್ಬಿಣದ ಬಾಯಿಂದ ಹೇಳಿಸಿದ್ದ.

"ನೀನ್ಯಾಕೆ ಅವತ್ತೇ ನಾನಲ್ಲ ಅನ್ಲಿಲ್ಲ?"

"ನನಗೇ ಗೊತ್ತಿರ್ಲಿಲ್ವಲ್ಲ. ಸರಿಯಾಗೇ ಇಟ್ಟೆ ಅಂತ ಕೈ ಹೇಳೋದು. ನೀನು ಹೇಳಿದ್ದು ಕಿವೀಲಿ ಇರೋದು. ಆರು ವರ್ಷ ಕೈಗಿಂತ ನಿನ್ನ ಮಾತನ್ನೇ ನಂಬಿದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು, ಕೈ ಒರೆಸಿಕೊಂಡು ಹೊರಗೆ ನಡೆದ. ಪಿಕಪ್ಪಿನ ಧೂಳು ರಸ್ತೆಯ ತಿರುವಿನವರೆಗೂ ಕಂಡು ಕರಗಿತು.

*

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮಾರ್ನಿ ಪೇಟೆಯಲ್ಲಿದ್ದ ಹಿಲ್ಮಾ ಅತ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಕೌಂಟರಿಗೆ ತಲೆ ಆನಿಸಿ ಅತ್ತಳು. ಅರ್ವಿಡ್‌ನ ಅಕ್ಕ ಹಿಲ್ಮಾ ಸಮಾಧಾನ ಹೇಳುವ ಪೈಕಿಯಲ್ಲ.

"ಆರು ವರ್ಷ ಅವನು ಹೊತ್ತ. ನಿನಗೆ ಎರಡು ದಿನ ಹೊರೋಕಾಗಲ್ವಾ?"

"ಅವನು ಬರ್ದೇ ಇದ್ರೆ ಅತ್ತೆ?"

"ಬರ್ದೇ ಇದ್ರೆ ನೀನು ಹೋಗು. ಬಸ್ಸು ಓಡಿಸೋಕೆ ಬರುತ್ತಲ್ಲ? ಮೂಗು ಒರೆಸ್ಕೋ, ಗಿರಾಕಿ ಬಂದ್ರು."

ಆ ಸಂಜೆ ಮನೆಯಲ್ಲಿ ಅವಳು ಅಪ್ಪನ ಕುರ್ಚಿಯ ಎದುರು ನಿಂತು ಮೊದಲ ಸಲ ಅವನನ್ನು ಬೈದಳು. ಆಮೇಲೆ ಅದೇ ಕುರ್ಚಿಯಲ್ಲಿ ಮುದುಡಿ ಕೂತಳು. ಬಯಲ ಗಾಳಿ ಮನೆಯ ಸುತ್ತ ಸುತ್ತುತ್ತಿತ್ತು. ಇಷ್ಟು ದೊಡ್ಡ ಆಕಾಶದ ಕೆಳಗೆ ಇಷ್ಟು ಚಿಕ್ಕ ಮನೆ… ಅದರೊಳಗೆ ತಾನೊಬ್ಬಳೇ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಪಿಕಪ್ ನಿಂತಿತು. ವೆಂಡೆಲ್ ಹೊಸ ಸ್ಪ್ರಿಂಗ್ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ಇಳಿದ.

"ಎಲ್ಲಿಗೆ ಹೋಗಿದ್ದೆ?"

"ವಿಚಿಟಾಕ್ಕೆ. ಈ ಅಳತೆ ಪಟ್ಟಿ ಬಾಗಿಸಿ ಕೊಡೋ ಮುದುಕ ಅಲ್ಲೊಬ್ಬನೇ ಇರೋದು. ಒಂದು ದಿನ ಕಾಯಿಸಿದ."

"ಹೇಳಿ ಹೋಗ್ಬಹುದಿತ್ತಲ್ಲ."

"ಬಾಯಿ ಬರ್ಲಿಲ್ಲ."

"ಅವತ್ತೂ ಬರ್ಲಿಲ್ಲ."

"ಹೂಂ," ಅಂದ. "ನನ್ನ ತಪ್ಪು ಅಂತ ಇದ್ರೆ ಅದೇ."

ಅವಳು ಹತ್ತಿರ ಬಂದಳು. "ನನ್ನ ತಪ್ಪು ಇನ್ನೂ ದೊಡ್ಡದು ವೆಂಡೆಲ್. ಕ್ಷಮಿಸು ಅನ್ನೋಕೂ ನಾಚಿಕೆ ಆಗುತ್ತೆ."

"ಮೊದಲು ಈ ಪಟ್ಟಿ ಇಳಿಸ್ಕೋ. ಹೆಗಲು ಬಿದ್ದುಹೋಗ್ತಿದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆ ದಿನ ಪಾತ್ರೆಯಲ್ಲಿ ಏನೂ ಮಿಗಲಿಲ್ಲ.

ಮುಂದಿನ ಮೂರು ವಾರ ಕೆಲಸ ನಡೆಯಿತು. ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ, ಸವೆದ ಕಿಂಗ್‌ಪಿನ್ ಗೂಟಗಳನ್ನು ಬಡಿದು ತೆಗೆದರು. ಪಿನ್ ಕೂರುವ ಹೊಸ ಬುಷ್ ಕೊಳವೆ ಹಾಕಿ, ಅದರ ಒಳಮೈಯನ್ನು ಕೂದಲೆಳೆಯಷ್ಟೇ ಹೆರೆದರು. ಹೆಬ್ಬೆರಳಿನಿಂದ ಒತ್ತಿದರೆ ಪಿನ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಬೇಕು, ಬಿಟ್ಟರೆ ಜಾರಬಾರದು. ಬೆಣೆಯ ಸರದಿ ಬಂದಾಗ ಅವನು ಎಡದ್ದು, ಬಲದ್ದು ಎರಡನ್ನೂ ಅವಳ ಅಂಗೈಯಲ್ಲಿಟ್ಟ.

"ನೀನೇ ಇಡು."

"ತಪ್ಪಿದ್ರೆ?"

"ತಪ್ಪಿದ್ರೆ ಇಬ್ಬರ ತಪ್ಪು."

ದಪ್ಪ ತುದಿ ಹಿಂದಕ್ಕೆ. ಅವನು ಬಿಗಿ ಮಾಡಿದ. ಬಿಳಿ ಗೆರೆಯನ್ನು ಅವಳು ಎಳೆದಳು.

*

ಕೊನೆಯ ಭಾನುವಾರ. ಕೊನೆಯ ಸರದಿ ಕೊಕ್ಕರೆಯದು, ಜೊತೆಗೆ ಓಡುವ ಕಾರೂ ಇಲ್ಲ. ಜನರೆಲ್ಲ ಹೊರಡುವ ಗೆರೆಯ ಬಳಿ ನೆರೆದಿದ್ದರು. ಹೆಲ್ಮೆಟ್ಟಿನೊಳಗಿನಿಂದ ಮಾರ್ನಿ ವೆಂಡೆಲ್‌ಗಾಗಿ ಕಣ್ಣಾಡಿಸಿದಳು. ಕಾಣಲಿಲ್ಲ.

"ಅವನೆಲ್ಲಿ ಅತ್ತೆ?"

ಹಿಲ್ಮಾ ದೂರಕ್ಕೆ ಬೆರಳು ತೋರಿಸಿದಳು. ಕಾಲು ಮೈಲಿಯ ಆಚೆ, ಕಾರುಗಳು ನಿಧಾನವಾಗುವ ಬಯಲಿನಲ್ಲಿ, ಒಬ್ಬನೇ ಒಬ್ಬ ನಿಂತಿದ್ದ. "ಏನಾದ್ರೂ ಆದ್ರೆ ಮೊದಲು ಓಡಿಬರೋನು ನಾನಾಗಿರ್ಬೇಕು ಅಂತ ಬೆಳಿಗ್ಗೆಯಿಂದ ಅಲ್ಲೇ ಸುತ್ತುತ್ತಿದಾನೆ, ಹುಚ್ಚ."

ದೀಪ ಹಸಿರಾಯಿತು.

ಮೂತಿ ಆಕಾಶಕ್ಕೆ ಎದ್ದಿತು. ಒಂದು ಕ್ಷಣ ದಾರಿಯೇ ಕಾಣಲಿಲ್ಲ, ಬರೀ ನೀಲಿ. ಮುಂದಿನ ಚಕ್ರಗಳು ನೆಲ ಮುಟ್ಟಿದಾಗ ಅವಳಿಗೆ ಆ ಹಳೆಯ ಭಾನುವಾರ ನೆನಪಾಯಿತು. ಇಲ್ಲೇ… ಇಲ್ಲೇ ಅಪ್ಪನ ಕಾರು ತೂರಾಡಿದ್ದು.

ಅವಳು ಬಿಗಿಮುಷ್ಟಿಯನ್ನು ಸಡಿಲಿಸಿದಳು. ಚಕ್ರಗಳು ತಾವಾಗಿ ನೇರಕ್ಕೆ ಬಂದವು, ನೇರವಾಗಿಯೇ ಉಳಿದವು. ಕೊನೆಯ ಗೆರೆ ಕೆಳಗೆ ಸರ್ರನೆ ಜಾರಿಹೋಯಿತು.

ಕಾರು ನಿಂತಾಗ ಅವನು ಓಡಿಬಂದು ಕಿಟಕಿಗೆ ಬಾಗಿದ. ಏದುಸಿರು.

"ಎಳೀತಾ? ಯಾವ ಕಡೆಗಾದ್ರೂ?"

"ಇಲ್ಲ. ಎರಡೇ ಬೆರಳಲ್ಲಿ ಹಿಡಿದಿದ್ದೆ."

ಅವನು ಕಣ್ಣು ಮುಚ್ಚಿ ಬಾಗಿಲಿಗೆ ಹಣೆ ಹಚ್ಚಿದ. ಅವಳು ಹೆಲ್ಮೆಟ್ ತೆಗೆದು ಆ ಬೆಳ್ಳಗಾದ ಕೂದಲನ್ನು ಮೊದಲ ಸಲ ಮುಟ್ಟಿದಳು.

"ಓಟ ಮುಗೀತು ವೆಂಡೆಲ್. ಈಗಲಾದ್ರೂ ಕೇಳ್ತೀಯಾ?"

"ಆರು ವರ್ಷ ತಡವಾಗಿದೆ."

"ಉತ್ತರ ಹಾಳಾಗಿಲ್ಲ."

ಅವನು ಕೇಳಿದ. ಗಾಳಿ ಜೋರಾಗಿತ್ತು. ಅವನು ಕೇಳಿದ್ದು, ಅವಳು ಹೂಂ ಅಂದದ್ದು ಅವರಿಬ್ಬರಿಗೆ ಬಿಟ್ಟು ಇನ್ಯಾರಿಗೂ ಕೇಳಿಸಲಿಲ್ಲ.

"ಹತ್ತು, ವಾಪಸ್ ಹೋಗೋಣ," ಅಂದಳು.

"ಎಲ್ಲಿ ಹತ್ಲಿ? ಇರೋದು ಒಂದೇ ಸೀಟು."

"ಹಾಗಾದ್ರೆ ತಳ್ಳೋಣ. ನೀನು ಆ ಕಡೆ, ನಾನು ಈ ಕಡೆ."

"ಕಾಲು ಮೈಲಿನಾ? ಸ್ಟೀರಿಂಗ್ ಹಿಡಿಯೋರು ಯಾರು?"

"ಯಾರೂ ಹಿಡಿಯೋದು ಬೇಡ ಬಿಡು," ಎಂದಳು ಮಾರ್ನಿ, ಇಳಿದು ಬಾಗಿಲಿಗೆ ಹೆಗಲು ಕೊಡುತ್ತಾ. "ನೆಟ್ಟಗೆ ಹೋಗುತ್ತೆ."