ರೂಬಿಯ ಫೋಟೊ, ಟೆಗನ್‌ಳ ಬೀಗ

"ನಿನ್ನನ್ನ ಎಲ್ಲೋ ನೋಡಿದೀನಲ್ಲ?"

ಗಣಿಯ ಗೇಟಿನಲ್ಲಿ ಮದ್ಯ ಪರೀಕ್ಷೆಯ ಯಂತ್ರಕ್ಕೆ ಊದುತ್ತಿದ್ದ ಟೆಗನ್‌ಳ ಉಸಿರು ಅರ್ಧಕ್ಕೇ ನಿಂತಿತು. ಅಂದು ಯಂತ್ರ ಹಿಡಿಯುವ ಸರದಿ ಫಿಟ್ಟರ್ ಡಾರ್ಕೋನದು. ಅವನ ಕಂದುಗಣ್ಣು ಅವಳ ಮುಖದ ಮೇಲೇ ನೆಟ್ಟಿತ್ತು.

"ಇಲ್ಲ... ಈ ಊರಿಗೆ ಹೊಸಬಳು."

ಶುದ್ಧ ಸುಳ್ಳು. ಇದೇ ಗಣಿಯೂರು ಕಲ್ಗೂರ್ಲಿಯ ಬಾರೊಂದರಲ್ಲಿ ವರ್ಷಗಟ್ಟಲೆ ಬರೀ ಒಳಉಡುಪು ತೊಟ್ಟು ಗಣಿಯ ಗಂಡಸರಿಗೆ ಬಿಯರ್ ಕೊಟ್ಟವಳು ಅವಳು. ಅಲ್ಲಿ ಅವಳ ಹೆಸರು ರೂಬಿ. ಆ ಕೆಲಸ ಬಿಟ್ಟ ಮೇಲೆ ಎಲ್ಲಿ ಕೆಲಸ ಕೇಳಿದರೂ ಯಾರಾದರೊಬ್ಬ ಗುರುತು ಹಿಡಿದು ನಗುತ್ತಿದ್ದ, ಕೆಲಸ ಕೈತಪ್ಪುತ್ತಿತ್ತು. ಇಲ್ಲಿ ಮೇಸ್ತ್ರಿ ನೋಲೀನ್ ಏನೂ ಕೆದಕದೆ, ಕಲ್ಲು ಪುಡಿ ಮಾಡುವ ಕ್ರಷರ್ ತೊಳೆಯುವ ಕೆಲಸ ಕೊಟ್ಟಿದ್ದಳು. ಇದೂ ಹೋದರೆ ಮತ್ತೆ ಆ ಬಾರೇ ಗತಿ.

ಡಾರ್ಕೋ ಮತ್ತೇನೂ ಕೇಳಲಿಲ್ಲ. ಆದರೆ ದಿನವೂ ಊಟದ ಹೊತ್ತಿಗೆ ಅವಳ ಎದುರಿಗೇ ಬಂದು ಕೂರುತ್ತಿದ್ದ, ತನ್ನ ಡಬ್ಬಿಯ ಎಲೆಕೋಸಿನ ಸುರುಳಿಯಲ್ಲಿ ಒಂದನ್ನು ಇತ್ತ ತಳ್ಳುತ್ತಿದ್ದ. ಅವಳಿಗೆ ಅವನು ಇಷ್ಟವಾಗತೊಡಗಿದ್ದ. ಅದಕ್ಕೇ ಭಯವೂ ಹೆಚ್ಚಿತ್ತು. 'ಇವನಿಗೆ ನೆನಪಾಗುವ ದಿನ ಎಲ್ಲ ಮುಗಿಯುತ್ತೆ...'

ಕ್ರಷರ್‌ನೊಳಗೆ ಇಳಿಯುವ ಪ್ರತಿಯೊಬ್ಬರೂ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಬೇಕು. ಬೀಗಕ್ಕೆ ಅವರವರ ಫೋಟೊ. ಎಲ್ಲ ಬೀಗ ತೆಗೆಯುವ ತನಕ ಯಂತ್ರ ತಿರುಗದು. ಗಣಿಯಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ.

ಆ ಮಧ್ಯಾಹ್ನ ಟೀ ಮುಗಿಸಿ ಬಂದ ಟೆಗನ್ ಸ್ವಿಚ್ಚಿನ ಮುಂದೆ ಕಲ್ಲಾದಳು. ಬೆಳಿಗ್ಗೆ ಅಲ್ಲಿ ಹಾಕಿದ್ದ ಅವಳ ಬೀಗದಲ್ಲಿ ಟೆಗನ್‌ಳ ಮುಖವಿರಲಿಲ್ಲ. ಬಾರಿನ ಹಳೆಯ ಪೋಸ್ಟರಿನ ರೂಬಿ ಅಲ್ಲಿ ನಗುತ್ತಿದ್ದಳು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಒಂದು ತಣ್ಣಗಿರೋ ಬಿಯರ್ ಕೊಡು ರೂಬಿ," ಎಂದ ಲೋಡರ್ ಓಡಿಸುವ ಗ್ರಾಂಟ್.

'ಡಾರ್ಕೋ... ನೀನೇ ಹೇಳಿಬಿಟ್ಟೆಯಲ್ಲ.'

ನಾಚಿಕೆಯಿಂದ ಅವಳ ಕೈ ತನ್ನಷ್ಟಕ್ಕೆ ಓಡಿತು. ಆ ಮುಖ ಯಾರ ಕಣ್ಣಿಗೂ ಬೀಳದಂತೆ ಬೀಗವನ್ನೇ ಬಿಚ್ಚಿ ಜೇಬಿಗೆ ತುರುಕಿಕೊಂಡಳು. ನಗುತ್ತ ಅವರು ಆಚೆ ಹೋಗುತ್ತಲೇ, ಅಳು ಕಾಣಬಾರದೆಂದು ಸೀದಾ ಕ್ರಷರ್‌ನೊಳಗೆ ಇಳಿದಳು.

ಒಳಗೆ ಕತ್ತಲು, ಕೆಂಪು ಧೂಳು. ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಹೊರಗೆ ಉಳಿದವರು ಕೆಲಸ ಮುಗಿಯಿತು, ಒಳಗೆ ಯಾರೂ ಇಲ್ಲ ಎಂದುಕೊಂಡು ಒಬ್ಬೊಬ್ಬರಾಗಿ ಬೀಗ ತೆಗೆಯುತ್ತಿದ್ದರು. ಅವಳಿಗೆ ಅದು ಕೇಳಿಸಲಿಲ್ಲ.

ಆಮೇಲೆ ಸೈರನ್ ಕೂಗಿತು.

ಯಂತ್ರ ತಿರುಗುವ ಮುನ್ನ ಕೊಡುವ ಎಚ್ಚರಿಕೆ ಅದು. ಟೆಗನ್ ಕಿರುಚಿದಳು. ಸೈರನ್ನಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಕಾಲ ಕೆಳಗಿನ ಉಕ್ಕು ನಡುಗತೊಡಗಿತು...

ತಟ್ಟನೆ ಎಲ್ಲ ನಿಂತಿತು.

ಮೇಲಿನ ಬಾಗಿಲಲ್ಲಿ ಡಾರ್ಕೋನ ಮುಖ. ಯಂತ್ರ ನಿಲ್ಲಿಸುವ ತುರ್ತು ಹಗ್ಗ ಜಗ್ಗಿದ ಅವನ ಅಂಗೈ ಸುಲಿದಿತ್ತು. ಅವಳನ್ನು ಎತ್ತಿ ಹೊರಗೆ ತಂದು ಕೂರಿಸಿದ.

"ನಾನಿಲ್ಲಿದೀನಿ ಅಂತ ಹೇಗೆ ಗೊತ್ತಾಯ್ತು?"

"ಎಲ್ಲೂ ಕಾಣ್ಲಿಲ್ಲ ನೀನು. ಕಾಣದಿದ್ರೆ ಹುಡುಕ್ತೀನಿ ಕಣೇ, ದಿನಾ ಅದೇ ಕೆಲಸ ನಂದು."

"ನೀನೇ ಅಲ್ವಾ ಅವರಿಗೆ ಹೇಳಿದ್ದು?"

ಡಾರ್ಕೋ ಅವಳನ್ನೇ ನೋಡಿದ. "ಗೇಟಲ್ಲೇ ಗುರುತು ಸಿಕ್ಕಿತ್ತು. ನೀನು ಇಲ್ಲ ಅಂದೆ. ನೀನು ಇಲ್ಲ ಅಂದ್ಮೇಲೆ ನಂಗೂ ಇಲ್ಲ, ಅಷ್ಟೆ."

ಇಂಥವನನ್ನು ಅನುಮಾನಿಸಿದೆನಲ್ಲ ಎಂದು ಅವಳು ತಲೆ ತಗ್ಗಿಸಿದಳು.

ಅಷ್ಟರಲ್ಲಿ ನೋಲೀನ್ ಬಂದಳು. "ಫೋಟೊ ಅಂಟಿಸಿದ ಗ್ರಾಂಟ್‌ನನ್ನ ಮನೆಗೆ ಕಳಿಸಿದೀನಿ, ಅವನು ವಾಪಸ್ ಬರಲ್ಲ. ನಿನ್ನ ಬೀಗ ತೆಗೆದಿದ್ದು ಯಾರು?"

"ನಾನೇ. ಆ ಫೋಟೊದಲ್ಲಿರೋದೂ ನಾನೇ."

"ಬಾರಿನ ವಿಷಯ ಕೆಲಸ ಕೊಡೋವಾಗ್ಲೇ ಗೊತ್ತಿತ್ತು, ಅದು ಬಿಡು. ಬೀಗ ಇಲ್ದೆ ಒಳಗೆ ಹೋದೆಯಲ್ಲ, ಅದಕ್ಕೆ ಎರಡು ವಾರ ಕೆಲಸ ಇಲ್ಲ, ಸಂಬಳಾನೂ ಇಲ್ಲ. ಯಾರಾಗಿದ್ರೂ ಇಷ್ಟೇ. ಆಮೇಲೆ ಬೆಳಗಿನ ಪಾಳಿಗೆ ಬಾ."

ಟೆಗನ್ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲರಿಗೂ ಸಿಗುವ ಶಿಕ್ಷೆ ತನಗೂ ಸಿಕ್ಕಿತ್ತು. ಇಷ್ಟು ಸಮಾಧಾನದ ಅಳು ಅವಳು ಅತ್ತಿದ್ದೇ ಇಲ್ಲ.

ನೋಲೀನ್ ಹೋದ ಮೇಲೆ ಡಾರ್ಕೋ ಮೆಲ್ಲಗೆ ಕೇಳಿದ. "ಭಾನುವಾರ ನಮ್ಮಮ್ಮನ ಮನೆಗೆ ಊಟಕ್ಕೆ ಬರ್ತೀಯಾ?"

"ನಾನು ಯಾರು ಅಂತ ಹೇಳ್ತೀಯ ಅವರಿಗೆ?"

"ನಾನು ಪ್ರೀತಿಸೋ ಹುಡುಗಿ ಅಂತ. ಮಿಕ್ಕಿದ್ದು ಹೇಳೋದು ಬಿಡೋದು ನಿನ್ನಿಷ್ಟ."

ಅವಳು ಅವನ ಸುಲಿದ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನೇ ಹೇಳ್ತೀನಿ, ಡಾರ್ಕೋ. ನೀನು ಪಕ್ಕದಲ್ಲಿ ಕೂತಿರು, ಸಾಕು."