ಇನ್ನೂರ ಹನ್ನೊಂದು ಜನಕ್ಕೆ ಹೋದ ಮೇಲ್

ಶನಿವಾರ ಬೆಳಿಗ್ಗೆ ಎಂಟೂವರೆಗೆಲ್ಲ ನಿವೃತ್ತ ಪೋಸ್ಟ್‌ಮಾಸ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದರು. ಅವರ ಕ್ಲಾಸು ಇದ್ದದ್ದು ಹನ್ನೊಂದಕ್ಕೆ. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು, ಮೇಡಂ ಮುಖ ನೋಡದೆ ಹೊರಗಿನ ಕಾರಿನ ಕಡೆ ನೋಡುತ್ತ ಬಹಳ ಮೆತ್ತಗೆ ಮಾತು ತೆಗೆದರು.

"ನೋಡಮ್ಮ, ನೀನು ಒಳ್ಳೇ ಹುಡುಗಿ. ನಿನ್ನ ಮನಸ್ಸು ನೋಯಿಸೋಕೆ ನಂಗಿಷ್ಟ ಇಲ್ಲ. ಆದ್ರೆ ನಂಗೀಗ ಎಪ್ಪತ್ತೊಂದು. ಮನೇಲಿ ಹೆಂಡತಿ ಇದ್ದಾಳೆ."

ಮೇಡಂಗೆ ಮೂವತ್ತೆರಡು. ಹತ್ತು ವರ್ಷದಿಂದ ಊರಿನವರಿಗೆ ಕಾರು ಕಲಿಸುತ್ತ ಬಂದವಳು. ಅವಳ ಕಾರನ್ನು ಗೋಡೆಗೆ ಗುದ್ದಿದವರಿದ್ದಾರೆ, ಚರಂಡಿಗೆ ಇಳಿಸಿದವರಿದ್ದಾರೆ, ಆದರೆ ಅವಳು ಹೇಳದೇ ಇದ್ದ ಪ್ರೀತಿಯನ್ನು ಇಷ್ಟು ನಯವಾಗಿ ಬೇಡವೆಂದವರು ಇವರೇ ಮೊದಲು. ಅವಳು ಕಣ್ಣು ಕಣ್ಣು ಬಿಡುತ್ತಿರುವಾಗ ಪೋಸ್ಟ್‌ಮಾಸ್ಟರ್ ಜೇಬಿನಿಂದ ಫೋನ್ ತೆಗೆದು ತೋರಿಸಿದರು. ಅವಳದೇ ಹೆಸರು, ಅವಳದೇ ಫೋಟೋ, ಕೆಳಗೆ ಮೂರು ಸಾಲು: 'ನಿಮಗೊಂದು ಮಾತು ಹೇಳಬೇಕಿತ್ತು. ತುಂಬಾ ದಿನದಿಂದ ಎದುರಿಗೆ ಹೇಳಲು ಆಗಲಿಲ್ಲ. ದಯವಿಟ್ಟು ಇದನ್ನು ತೆರೆದು ನೋಡಿ.' ಜೊತೆಗೊಂದು ಅಟ್ಯಾಚ್‌ಮೆಂಟ್. ಅವರ ಫೋನಿಗೆ ಅದನ್ನು ತೆರೆಯಲು ಬಂದಿರಲಿಲ್ಲ, ಪುಣ್ಯ.

ಆಗ ಮೇಡಂಗೆ ಹಿಂದಿನ ಸಂಜೆ ನೆನಪಾಯಿತು. 'ನೀವು ಕೆಂಪು ಸಿಗ್ನಲ್ ದಾಟಿದ್ದೀರಿ, ಫೋಟೋ ಲಗತ್ತಿಸಿದೆ' ಎಂದು ಒಂದು ಮೇಲ್ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಇವಳಿಗೆ ಸಿಟ್ಟು ನೆತ್ತಿಗೇರಿತು. ಹಳದಿ ಸಿಗ್ನಲ್ಲಿಗೂ ಬ್ರೇಕ್ ಒತ್ತುವ ತನ್ನನ್ನೇ ಅನುಮಾನಿಸುವುದೆಂದರೇನು, ಫೋಟೋ ನೋಡಿಯೇ ಬಿಡೋಣ ಎಂದು ಕ್ಲಿಕ್ ಮಾಡಿದ್ದಳು. ಫೋಟೋ ಬರಲಿಲ್ಲ. ಎಂಟು ವರ್ಷದ ಹಳೇ ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಬುಸುಗುಟ್ಟಿ ಸುಮ್ಮನಾಗಿತ್ತು. ಒಳಗೆ ಹೊಕ್ಕ ವೈರಸ್ ರಾತ್ರಿಯಿಡೀ ಕೂತು, ಅವಳ ವಿಳಾಸಪಟ್ಟಿಯ ಇನ್ನೂರ ಹನ್ನೊಂದು ಜನಕ್ಕೂ ಅವಳ ಹೆಸರಲ್ಲಿ ಮನಸ್ಸು ಬಿಚ್ಚಿಟ್ಟಿತ್ತು. ಕೊನೆಗೆ ಮೇಲ್ ಕಂಪನಿಯವರೇ ಅನುಮಾನ ಬಂದು ಖಾತೆಗೆ ಬೀಗ ಹಾಕಿದ್ದರು.

ಸ್ಕೂಲಿನ ಆಫೀಸು ನೋಡಿಕೊಳ್ಳುವ ಅಕ್ಕ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತ, "ಅಂದ್ರೆ ಹಾಫ್ ಕ್ಲಚ್‌ಗೂ ಹೋಗಿದೆ," ಎಂದಳು.

ಮೇಡಂ ಕುರ್ಚಿ ಎಳೆದು ಕೂತುಬಿಟ್ಟಳು.

ಹಾಫ್ ಕ್ಲಚ್ ಎಂದರೆ ಎರಡು ಬೀದಿ ಆಚೆಗಿನ ಕಂಪ್ಯೂಟರ್ ರಿಪೇರಿಯವನು. ಹೆಸರು ಇಟ್ಟವಳು ಅಕ್ಕ. ಕಲಿಯಲು ಬಂದಾಗ ಅವನ ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತುತ್ತಲೂ ಇರಲಿಲ್ಲ, ಪೂರ್ತಿ ಬಿಡುತ್ತಲೂ ಇರಲಿಲ್ಲ. ಮಾತೂ ಹಾಗೆಯೇ, ಅರ್ಧ ವಾಕ್ಯಕ್ಕೆ ನಿಂತುಬಿಡುತ್ತಿತ್ತು. ಮೂರು ಸಲ ಟೆಸ್ಟ್ ಫೇಲಾಗಿ, ನಾಲ್ಕನೇ ಸಲ ಪಾಸಾಗಿ, ಥ್ಯಾಂಕ್ಸ್ ಮೇಡಂ ಎಂದು ಹೋದವನು ಎಂಟು ತಿಂಗಳಿಂದ ಇತ್ತ ಕಡೆ ಬಂದಿಲ್ಲ. ಲೈಸೆನ್ಸ್ ಸಿಕ್ಕವನು ಡ್ರೈವಿಂಗ್ ಸ್ಕೂಲಿಗೆ ಯಾಕೆ ಬರುತ್ತಾನೆ? ಆ ಎಂಟು ತಿಂಗಳೂ ಮೇಡಂ ಕಾರನ್ನು ದಿನಕ್ಕೆರಡು ಸಲ ಅವನ ಅಂಗಡಿ ಮುಂದಿನಿಂದಲೇ ಓಡಿಸಿದ್ದಳು. ಹೊಸಬರಿಗೆ ಆ ಬೀದಿ ಒಳ್ಳೇ ಅಭ್ಯಾಸ ಎಂದು ಅಕ್ಕನಿಗೆ ಹೇಳಿದ್ದಳು.

ಈಗ ಪೇಚಿಗೆ ಸಿಕ್ಕಿಕೊಂಡಳು. ಎಲ್ಲರಿಗೂ ಇನ್ನೊಂದು ಮೇಲ್ ಹಾಕಲೇಬೇಕು: ಅದು ನಾನು ಬರೆದಿದ್ದಲ್ಲ, ನಾನು ಯಾರಿಗೂ ಏನೂ ಹೇಳಬೇಕಿಲ್ಲ, ಕ್ಷಮಿಸಿ ಎಂದು. ಪೋಸ್ಟ್‌ಮಾಸ್ಟರ್‌ಗೆ ಹಾಗೆ ಬರೆಯುವುದು ಸುಲಭ. ಹಾಫ್ ಕ್ಲಚ್‌ಗೆ ಬರೆದರೆ ಶುದ್ಧ ಸುಳ್ಳಾಗುತ್ತದೆ. ಅವಳಿಗೆ ಹೇಳಬೇಕಿತ್ತು. ಎದುರಿಗೆ ಹೇಳಲು ಆಗಿರಲಿಲ್ಲ. ಯಾರೋ ಕಿಡಿಗೇಡಿ ಎಲ್ಲೋ ಕೂತು ಬರೆದ ಮೂರು ಸಾಲು ಅವಳ ಪಾಲಿಗೆ ಅಕ್ಷರಕ್ಕಕ್ಷರ ನಿಜವಾಗಿತ್ತು. ನನ್ನದಲ್ಲ ಎಂದು ಒಮ್ಮೆ ಬರೆದುಕೊಟ್ಟರೆ ಆ ಬಾಗಿಲು ಮುಚ್ಚಿದಂತೆಯೇ.

ಲ್ಯಾಪ್‌ಟಾಪ್ ಸರಿಮಾಡಿಸಲು ಅವನ ಅಂಗಡಿಗೇ ಫೋನ್ ಮಾಡಿದಾಗ ಅವನು ಇಡೀ ದಿನ ಬಿಡುವಿಲ್ಲ, ನಾಳೆ ಬನ್ನಿ ಎಂದ. ಅಲ್ಲಿಯವರೆಗೆ ಮೇಲ್ ಬೀಗ ತೆಗೆಯುವುದು ಬೇಡ, ಫೋನಿನಿಂದಲೂ ಬೇಡ ಎಂದು ಎರಡು ಸಲ ಹೇಳಿದ. ಅವಳು ಆಗಲಿ ಎಂದಳು.

ಭಾನುವಾರ ಹತ್ತಕ್ಕೆ ಅವಳು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಳು. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಜಾಗ ಅದು. ಗೋಡೆಗೆ ಹಳೇ ಕೀಬೋರ್ಡುಗಳನ್ನು ನೇತುಹಾಕಿದ್ದ. ಮೇಜಿನ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ 'ಅಟ್ಯಾಚ್‌ಮೆಂಟ್ ತೆರೆಯುವ ಮುನ್ನ ಯೋಚಿಸಿ' ಎಂದು ಅವನೇ ಬರೆದು ಅಂಟಿಸಿದ್ದ. ಅದರ ಕೆಳಗೆ ಅವನು, ಅವಳನ್ನು ನೋಡಿ ಸ್ಕ್ರೂಡ್ರೈವರ್ ಬೀಳಿಸಿಕೊಂಡ.

ಮೇಡಂ ಆದಷ್ಟು ಹಗುರವಾಗಿ, ನಿಮಗೂ ಬಂತಾ ಆ ಮೇಲ್ ಎಂದು ಕೇಳಿದಳು. ಬಂತು ಎಂದ. ಎಲ್ಲರಿಗೂ ಬಂದಿರುತ್ತಲ್ಲ ಎಂದೂ ಸೇರಿಸಿ ಮೇಜಿನ ಕೆಳಗೆ ಸ್ಕ್ರೂಡ್ರೈವರ್ ಹುಡುಕಲು ಬಗ್ಗಿದ. ಅಲ್ಲಿಗೆ ಮುಗಿಯಿತು ಎಂದುಕೊಂಡಳು ಮೇಡಂ. ಇವನ ಕಸುಬೇ ಇದು, ನೋಡಿದ ಕೂಡಲೇ ವೈರಸ್ ಎಂದು ಗೊತ್ತಾಗಿರುತ್ತದೆ. ಒಂದು ನಿಮಿಷವಾದರೂ ನಂಬಿ ಒದ್ದಾಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವಳಿಗೆ ಸಣ್ಣಗೆ ಸಿಟ್ಟೂ ಬಂತು.

ಅವನು ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದ. ಕಲಿಯುವವರ ಪಟ್ಟಿ, ರಸ್ತೆಯ ನಕ್ಷೆಗಳು, ಫೋಟೋಗಳು ಇಷ್ಟನ್ನು ಒಂದೊಂದಾಗಿ ಪರೀಕ್ಷಿಸಿ ಎತ್ತಿಟ್ಟುಕೊಂಡ. ಉಳಿದದ್ದೆಲ್ಲ ಹೋಗಬೇಕು, ವೈರಸ್ ಎಲ್ಲಿ ಅಡಗಿದೆಯೋ ಹೇಳಲಾಗದು ಎಂದ. ಕೆಲಸಕ್ಕೆ ಕೂತಾಗ ಮಾತ್ರ ಅವನ ಕೈ ಎಲ್ಲಿಯೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಬೆರಳುಗಳು ಸಣ್ಣ ಸಣ್ಣ ಸ್ಕ್ರೂಗಳನ್ನು ಎತ್ತಿ ಬಂದ ಕ್ರಮದಲ್ಲೇ ಸಾಲಾಗಿ ಇಡುವುದನ್ನು ಮೇಡಂ ನೋಡುತ್ತ ಕೂತಳು. ಅವನು ತಲೆಯೆತ್ತಿದಾಗ ಗೋಡೆಯ ಕೀಬೋರ್ಡ್ ನೋಡಿದಳು. ಅವನು ತಲೆ ತಗ್ಗಿಸಿದ ಮೇಲೆ ಮತ್ತೆ ಬೆರಳು ನೋಡಿದಳು.

ಡಿಸ್ಕ್ ಮರಳಿ ಕೂರಿಸಿ, ಪೆನ್‌ಡ್ರೈವ್ ಚುಚ್ಚಿ ಶುರುಮಾಡಿದ. ಈ ಮುದುಕಪ್ಪನಿಗೆ ಹೊಸ ಭಾರದ ಸಿಸ್ಟಮ್ ಹೊರಲಾಗದು, ಹಗುರದ್ದು ಹಾಕುತ್ತೇನೆ ಎಂದ. ಎಲ್ಲ ಅಳಿಸಲೇ ಎಂದು ಪರದೆ ಕೇಳಿತು. ನಿಮ್ಮ ಲ್ಯಾಪ್‌ಟಾಪ್, ನೀವೇ ಒತ್ತಿ ಎಂದು ಅವನು ಕುರ್ಚಿ ಹಿಂದೆ ಸರಿಸಿದ. ಅವಳು ಬಗ್ಗಿ ಒತ್ತುವಾಗ ಅವಳ ತೋಳು ಅವನ ಭುಜಕ್ಕೆ ತಗುಲಿತು. ಇಬ್ಬರೂ ಪರದೆಯನ್ನೇ ನೋಡಿದರು. ಎರಡು ಪರ್ಸೆಂಟ್. ನಾಲ್ಕು ಪರ್ಸೆಂಟ್.

ಹೀಗೆ ಹೋದರೆ ಎಂಜಿನ್ ಆಫ್ ಆಗುತ್ತೆ, ಸ್ವಲ್ಪ ಆಕ್ಸಿಲರೇಟರ್ ಕೊಡಿ ಎಂದಳು ಮೇಡಂ. ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದು ಅವಳಿಗೆ ಹಳೇ ವಿಷಯ, ಎಷ್ಟೋ ಸಲ ಗೇರ್ ಬದಲಿಸುವಾಗ ನೋಡಿದ್ದಳು. ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪಿನಲ್ಲಿಯೂ ಇದೇ ಪರದೆ, ಎಂಬತ್ತು ಪರ್ಸೆಂಟಿನಲ್ಲಿ. ಅದು ಯಾರದು ಎಂದು ಕೇಳಿದ್ದಕ್ಕೆ, ಒಬ್ಬ ಗಿರಾಕಿಯದು, ಅವನಿಗೂ ಇದೇ ಗತಿ ಎಂದು ಮಾತು ಹಾರಿಸಿದ.

ಹನ್ನೆರಡೂವರೆಗೆ ಲ್ಯಾಪ್‌ಟಾಪ್ ಹೊಸದಾಗಿ ಕಣ್ಣು ಬಿಟ್ಟಿತು. ಇನ್ನು ಮೇಲ್ ನೋಡಿಬಿಡೋಣ ಎಂದಳು ಮೇಡಂ. ಅಲ್ಲಿಂದ ಶುರುವಾಯಿತು ಅವನ ಕುಂಟುನೆಪ. ವೈಫೈ ಹಿಡಿಯುತ್ತಿಲ್ಲ ಎಂದ. ಕೇಬಲ್ ಇದೆಯಲ್ಲ ಎಂದಳು, ಮೇಜಿನ ಮೇಲೇ ಇತ್ತು. ಮನೆಗೆ ಹೋಗಿ ನಿಧಾನಕ್ಕೆ ನೋಡಿ ಎಂದ, ನಾಳೆ ನೋಡಿ ಎಂದ. ಕೊನೆಗೆ ಊಟದ ಹೊತ್ತಾಯಿತು ಎಂದ. ಮೇಡಂ ಹಿಡಿದ ಪಟ್ಟು ಬಿಡುವವಳಲ್ಲ. ಕೇಬಲ್ ಚುಚ್ಚಿದಳು, ಫೋನಿಗೆ ಬಂದ ಕೋಡ್ ಹಾಕಿ ಬೀಗ ತೆಗೆದಳು, ಹೊಸ ಪಾಸ್‌ವರ್ಡ್ ಇಟ್ಟಳು.

ಮೂವತ್ತೆಂಟು ಉತ್ತರ ಬಂದಿದ್ದವು. ಅವಳು ಗಟ್ಟಿಯಾಗಿ ಓದತೊಡಗಿದಳು. ಹಲ್ಲಿನ ಡಾಕ್ಟರು, ನೋವಿದ್ದರೆ ಮುಚ್ಚಿಡಬೇಡಿ, ನಾಳೆ ಹತ್ತಕ್ಕೆ ಬನ್ನಿ ಎಂದು ಬರೆದಿದ್ದರು. ಬ್ಯಾಂಕಿನ ಹುಡುಗಿ, ಕಾರಿನ ಹಿಂದಿನ ಲೈಟ್ ಒಡೆದದ್ದು ನಾನೇ, ಒಪ್ಪಿಕೊಳ್ಳುತ್ತೇನೆ ಎಂದು ತಾನಾಗಿ ಬಾಯಿಬಿಟ್ಟಿದ್ದಳು. ಚಿಕ್ಕಮ್ಮ, ಫೈಲು ಆಮೇಲೆ ನೋಡುತ್ತೇನೆ, ಹುಡುಗ ಯಾರು ಅದನ್ನು ಮೊದಲು ಹೇಳು ಎಂದಿದ್ದರು. ಮೇಡಂಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅವನು ಮಾತ್ರ ನಗುತ್ತಿರಲಿಲ್ಲ.

ಇಪ್ಪತ್ತನೆಯದರ ಮೇಲೆ ಅವನ ಹೆಸರಿತ್ತು.

"ಅದೊಂದು ಬಿಟ್ಬಿಡಿ ಮೇಡಂ," ಎಂದು ಅವನು ಎದ್ದು ನಿಂತ. ಕಿವಿ ಎರಡೂ ಕೆಂಪಾಗಿದ್ದವು.

ಅವಳ ಕೈ ಮೌಸ್ ಮೇಲೆಯೇ ನಿಂತಿತು. ಓದಲಾ ಬೇಡವಾ ಎಂದು ಕೇಳಿದಳು. ನೀವು ಬೇಡ ಅಂದರೆ ಅಳಿಸುತ್ತೇನೆ, ಓದದೇ ಅಳಿಸುತ್ತೇನೆ ಎಂದಳು. ಅವನು ಏನೋ ಹೇಳಲು ಹೋಗಿ ನಿಲ್ಲಿಸಿದ. ಇನ್ನೊಮ್ಮೆ ಹೋಗಿ ನಿಲ್ಲಿಸಿದ. ಹೊರಗೆ ಚಪ್ಪಲಿ ಅಂಗಡಿಯವನು ಗಿರಾಕಿಯೊಬ್ಬರಿಗೆ ಬೇರೆ ಸೈಜು ತೋರಿಸುತ್ತಿದ್ದ.

"ಓದಿ," ಎಂದ ಕೊನೆಗೆ.

'ಮೇಡಂ, ನೀವು ಕಳಿಸಿದ ಫೈಲ್ ಇನ್ನೂ ತೆರೆದಿಲ್ಲ. ಅದಕ್ಕೆ ಮೊದಲೇ ಇದನ್ನು ಬರೆಯುತ್ತಿದ್ದೇನೆ, ತೆರೆದ ಮೇಲೆ ಧೈರ್ಯ ಇರುತ್ತೋ ಇಲ್ಲವೋ. ಅದರಲ್ಲಿ ಏನೇ ಇರಲಿ, ನನ್ನ ಉತ್ತರ ಹೂಂ. ನಿಮ್ಮ ಕಾರು ಅಂಗಡಿ ಮುಂದೆ ಬರುವ ಹೊತ್ತಿಗೆ ನಾನು ದಿನಾ ಬಾಗಿಲ ಹತ್ತಿರದ ಮೇಜಿಗೆ ಬಂದು ಕೂರುತ್ತೇನೆ. ಇನ್ನೊಂದು ವಿಷಯ. ಮೊದಲೆರಡು ಸಲ ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಮೂರನೇ ಸಲ ಫೇಲಾಗಿದ್ದು ಬೇಕಂತಲೇ. ಇನ್ನೊಂದು ತಿಂಗಳು ಕ್ಲಾಸು ಸಿಗುತ್ತಲ್ಲ ಅಂತ.'

ಮೇಡಂ ಎರಡು ಸಲ ಓದಿದಳು. ಮೈಯೆಲ್ಲ ಬೆಚ್ಚಗಾಯಿತು. ಆದರೆ ಹತ್ತು ವರ್ಷದ ಟೀಚರು ಅವಳೊಳಗೆ ಸುಮ್ಮನಿರಲಿಲ್ಲ.

"ಬೇಕಂತಲೇ ಫೇಲಾದ್ರಾ? ನಂಗೆ ರಿವರ್ಸ್ ಹೇಳ್ಕೊಡೋಕೇ ಬರಲ್ವೇನೋ ಅಂತ ವಾರಗಟ್ಟಲೆ ನಿದ್ದೆಗೆಟ್ಟಿದ್ದೀನಿ."

ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ. ಉತ್ತರ ಕಳಿಸಿದ ಮೇಲೆ ಫೈಲ್ ತೆರೆದಿದ್ದ. ಊರಿಗೆಲ್ಲ ತೆರೆಯಬೇಡಿ ಎಂದು ಬೋರ್ಡು ಹಾಕಿದವನೇ, ಆ ಬೋರ್ಡಿನ ಕೆಳಗೆ ಕೂತು, ಅವಳ ಹೆಸರು ನೋಡಿ ತೆರೆದಿದ್ದ. ಪಕ್ಕದ ಲ್ಯಾಪ್‌ಟಾಪ್ ಅವನದೇ. ಪಾಸ್‌ವರ್ಡ್ ಯಾವ ಫೋನಿನಿಂದ ಬೇಕಾದರೂ ನಿನ್ನೆಯೇ ಬದಲಿಸಬಹುದಿತ್ತು, ಬೇಡ ಅಂದದ್ದು ಈ ಉತ್ತರ ನೀವು ಓದಬಾರದು ಅಂತ, ಅದು ನನ್ನ ತಪ್ಪು ಎಂದ. ಪೂರ್ತಿ ವಾಕ್ಯಗಳಲ್ಲಿ, ಎಲ್ಲಿಯೂ ನಿಲ್ಲದೆ, ಅವನು ಇಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದು ಇದೇ ಮೊದಲು.

"ವೈರಸ್ ಅಂತ ಗೊತ್ತಾದಾಗ ಲ್ಯಾಪ್‌ಟಾಪ್ ಹೋಯ್ತಲ್ಲ ಅಂತ ಅನ್ಸಲೇ ಇಲ್ಲ ಮೇಡಂ," ಎಂದ. "ನೀವು ಬರೆದಿದ್ದಲ್ಲ ಅಂತ ಬೇಜಾರಾಯ್ತು."

ಮೇಡಂ ಕುರ್ಚಿ ಮುಂದೆ ಎಳೆದುಕೊಂಡು ಹೊಸ ಮೇಲ್ ಬರೆಯಲು ಕೂತಳು. ಶುಕ್ರವಾರ ನನ್ನ ಹೆಸರಲ್ಲಿ ಬಂದದ್ದು ವೈರಸ್, ಯಾರೂ ತೆರೆಯಬೇಡಿ, ತೊಂದರೆಗೆ ಕ್ಷಮಿಸಿ ಎಂದು ಬರೆದು ಎಲ್ಲ ವಿಳಾಸಗಳನ್ನೂ ಸೇರಿಸಿದಳು. ಆಮೇಲೆ ಪಟ್ಟಿಯಲ್ಲಿ ನಿಧಾನಕ್ಕೆ ಕೆಳಗಿಳಿದು ಒಂದು ಕಡೆ ನಿಂತು ಏನೋ ಮಾಡಿದಳು. ಅವನು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದ. ಕಸುಬಿನ ಕಣ್ಣು, ತಪ್ಪು ಕಂಡರೆ ಹೇಳದೆ ಇರಲಾರದು.

"ಇನ್ನೂರ ಹತ್ತೇ ಇದೆ. ನನ್ನ ಅಡ್ರೆಸ್ ಬಿಟ್ಟುಹೋಗಿದೆ ಮೇಡಂ."

"ಬಿಟ್ಟುಹೋಗಿಲ್ಲ. ನಾನೇ ತೆಗೆದೆ." ಅವಳು ತಿರುಗಲಿಲ್ಲ, ತಿರುಗಿದ್ದರೆ ಮಾತು ನಿಂತುಬಿಡುತ್ತಿತ್ತು. "ನಿಮಗೆ ಬಂದ ಮೇಲ್‌ಗೆ ನಾನು ಕ್ಷಮೆ ಕೇಳಲ್ಲ. ಅದರಲ್ಲಿ ಇದ್ದಿದ್ದೆಲ್ಲ ನಿಜ."

ಹೇಳಿ, ಕಳಿಸು ಎಂಬುದನ್ನು ಒತ್ತಿದಳು. ಮೇಲ್ ಇನ್ನೂರ ಹತ್ತು ಜನಕ್ಕೆ ಹೋಯಿತು. ಆಮೇಲೆ ಅವಳು ತಿರುಗಿ ಇನ್ನೂರ ಹನ್ನೊಂದನೆಯವನ ಕೈ ಹಿಡಿದುಕೊಂಡಳು.