ಬ್ರೇಕ್ ಬಲಗಾಲಿಗೆ

ಆಲ್ವಿನ್‌ನ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದು ಮೂರು ವಾರವಾಗಿತ್ತು. ಅಷ್ಟೂ ದಿನ ನಾನು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವಾಗ, ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುವಾಗ, ಒಂದೇ ಮಾತನ್ನು ಬಾಯೊಳಗೆ ಹೇಳಿಕೊಳ್ಳುತ್ತಿದ್ದೆ. ಬ್ರೇಕ್ ಬಲಗಾಲಿಗೆ. ಹೇಳಬೇಕಾದ ಹೊತ್ತಿಗೆ ಮಾತ್ರ ಹೇಳಿರಲಿಲ್ಲ.

ಡಡ್ಲಿ ಊರಿನ ನಮ್ಮ ಹಳೇ ಬೈಕ್ ಕ್ಲಬ್ಬಿನ ಪತ್ರಿಕೆಗೆ ನಾವಿಬ್ಬರೂ ಸೇರಿ ಲೇಖನ ಬರೆಯಬೇಕಿತ್ತು. ಹಳೆಯ ಬೈಕುಗಳು ಭಾನುವಾರದ ಖಾಲಿ ರಸ್ತೆಯಲ್ಲಲ್ಲ, ಬೆಳಗಿನ ಎಂಟೂವರೆಯ ಟ್ರಾಫಿಕ್ಕಿನಲ್ಲಿ ಹೇಗೆ ಓಡುತ್ತವೆ ಎಂದು. ಅವನದು ಅಪ್ಪನಿಂದ ಬಂದ ಐವತ್ತೆಂಟನೇ ಇಸವಿಯ ಬಿಎಸ್‌ಎ, ನನ್ನದು ಎಪ್ಪತ್ತೆಂಟರ ಹೋಂಡಾ. ಹೋಗುವಾಗ ಅವರವರ ಬೈಕು, ಬರುವಾಗ ಅದಲುಬದಲು.

ಬಿಎಸ್‌ಎಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೋಂಡಾದಲ್ಲಿ ತಿರುಗಾಮುರುಗಾ. ಅದಕ್ಕೇ ಕ್ಲಬ್ಬಿನಲ್ಲೊಂದು ಪದ್ಧತಿ: ಬೈಕ್ ಕೊಡುವವರು ತೆಗೆದುಕೊಳ್ಳುವವರ ಬೂಟು ತಟ್ಟಿ, ಬ್ರೇಕ್ ಈ ಕಾಲಿಗೆ ಅನ್ನಬೇಕು. ಅವರು ಅದನ್ನೇ ತಿರುಗಿ ಹೇಳಬೇಕು. ಆಮೇಲೇ ಕೀಲಿ.

ವಾಪಸ್ ಹೊರಡುವ ಮುನ್ನ ಮಾರ್ಕೆಟ್ ಹತ್ತಿರ ಆಲ್ವಿನ್ ಮಂಡಿಯೂರಿ ನನ್ನ ಎಡ ಬೂಟು ತಟ್ಟಿದ. ನಾನು ತಿರುಗಿ ಹೇಳಿದೆ. ಲೇಸು ಬಿಚ್ಚಿದ್ದು ಕಂಡು ಕಟ್ಟಿದ, ಕಟ್ಟಿ ತಲೆಯೆತ್ತಿ ನೋಡಿದ. ನನ್ನ ಸರದಿ ಬಂದಾಗ ಕೀಲಿಯನ್ನು ಅವನ ಅಂಗೈಯಲ್ಲಿಟ್ಟೆ. ಬೆರಳು ಹಿಂತೆಗೆಯುವುದನ್ನು ಮರೆತೆ. ಉಳಿದದ್ದನ್ನೂ ಮರೆತೆ.

ಐದೇ ನಿಮಿಷ. ಅವನ ಮುಂದಿದ್ದ ಬ್ರೆಡ್ ವ್ಯಾನು ಗಕ್ಕನೆ ನಿಂತಿತು. ಅವನ ಎಡಗಾಲು ಬ್ರೇಕೆಂದುಕೊಂಡು ಗೇರನ್ನು ಒತ್ತಿದ್ದು ಹಿಂದಿದ್ದ ನನಗೆ ಕಾಣಿಸಿತು. ಹೋಂಡಾ ವ್ಯಾನಿಗೆ ಗುದ್ದಿತು, ಅವನು ಕೈಯೂರಿ ಬಿದ್ದ.

ಕ್ಲಬ್ಬಿನ ಅಧ್ಯಕ್ಷೆ ಯಾರ್ಡ್ಲಿ ಅಜ್ಜಿಯ ಮನೆ ಅಲ್ಲೇ ಪಕ್ಕ. ಓಡಿ ಬಂದವಳು ಮೊದಲು ಕೇಳಿದ್ದು ನನ್ನನ್ನು, ನೀನು ಹೇಳಿದ್ದೆ ತಾನೇ ಹೆಸ್ಟರ್ ಎಂದು. ಹೇಳಿದ್ದೆ ಅಂದುಬಿಟ್ಟೆ. ಫುಟ್‌ಪಾತಿನಲ್ಲಿ ಕೈ ಹಿಡಿದು ಕೂತಿದ್ದ ಆಲ್ವಿನ್ ನನ್ನನ್ನೊಮ್ಮೆ ನೋಡಿದ.

"ಹೆಸ್ಟರ್ ಹೇಳಿದ್ಲು, ಅಜ್ಜಿ. ನಾನೇ ಮರೆತೆ."

ಹತ್ತೊಂಬತ್ತು ವರ್ಷದಿಂದ ಕ್ಲಬ್ಬಿನ ಸವಾರಿಗಳಿಗೆ ಅವನೇ ಮುಂದಾಳು. ಅದನ್ನು ಅವನಿಂದ ಕಿತ್ತುಕೊಳ್ಳಬೇಕೋ ಬೇಡವೋ ಎಂದು ಶನಿವಾರ ಮಧ್ಯಾಹ್ನದ ಸಭೆ ತೀರ್ಮಾನಿಸಲಿತ್ತು.

ನಾನು ದಿನಾ ಅವನ ಮನೆಗೆ ಸೂಪ್ ಒಯ್ಯುತ್ತಿದ್ದೆ. ಅವನು ಹೇಳುತ್ತಿದ್ದ, ನಾನು ಲೇಖನ ಬರೆದುಕೊಳ್ಳುತ್ತಿದ್ದೆ.

"ಬರ್ಕೋ. ಬಿಎಸ್‌ಎಗೆ ಅವಸರ ಇಲ್ಲ. ಕ್ಲಚ್ಚು ಗಟ್ಟಿ, ಆದ್ರೆ ನಿಧಾನದ ಸಾಲಲ್ಲಿ ಗೊಣಗದೆ ಹೋಗತ್ತೆ. ಹೋಂಡಾ ನಿನ್ ಥರ, ಸಂದಿ ಕಂಡ್ರೆ ನುಗ್ಗತ್ತೆ."

"ನಾನೆಲ್ಲಿ ನುಗ್ಗಿದೆ?"

"ಟೀ ಕ್ಯೂನಲ್ಲಿ ನೋಡಿಲ್ವಾ."

ನಕ್ಕೆ. ಅವನು ಕಿಟಕಿಯ ಕಡೆ ತಿರುಗಿ ಕೊನೆಯ ಸಾಲು ಹೇಳಿದ: ಬ್ರೇಕ್ ಯಾವ ಕಾಲಿಗೆಂದು ಹೆಸ್ಟರ್ ಹೇಳಿದ್ದಳು, ಮರೆತದ್ದು ನಾನು. ಅದನ್ನೂ ಬರೆದುಕೊಂಡೆ. ಅಚ್ಚುಕಟ್ಟಾಗಿ ಪೂರ್ಣವಿರಾಮವನ್ನೂ ಇಟ್ಟೆ. ಈಗಲೂ ನನಗೆ ನಾಚಿಕೆ ಅದಕ್ಕೇ.

ಶನಿವಾರ ಚರ್ಚ್ ಹಾಲಿನಲ್ಲಿ ಲೇಖನ ಓದುವ ಕೆಲಸ ನನ್ನದೇ ಆಯಿತು. ಕ್ಲಚ್ಚಿನ ಸಾಲಿಗೆ ಜನ ತಲೆದೂಗಿದರು, ಸಂದಿಯ ಸಾಲಿಗೆ ನಕ್ಕರು. ಕೊನೆಯ ಸಾಲು ಬಂತು. ಕಾಗದ ಮಡಚಿದೆ.

"ನಾನು ಹೇಳಿರ್ಲಿಲ್ಲ. ಅವನ ಬೂಟು ತಟ್ಟಲೇ ಇಲ್ಲ. ಆಮೇಲೆ ಸುಳ್ಳೂ ಹೇಳಿದೆ."

ಯಾರ್ಡ್ಲಿ ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡಳು. ಆಲ್ವಿನ್ ತನ್ನ ಜಾಗದಲ್ಲೇ ಇರಲಿ, ಹೆಸ್ಟರ್ ಒಂದು ವರ್ಷ ಯಾರಿಗೂ ಬೈಕ್ ಕೊಡುವಂತಿಲ್ಲ ಅಂದಳು. ಕಡಿಮೆಯೇ ಆಯಿತು ಅನ್ನಿಸಿತು.

ಹೊರಗೆ ಆಲ್ವಿನ್, ರಿಪೇರಿಯಾಗಿ ಬಂದ ನನ್ನ ಹೋಂಡಾಕ್ಕೆ ಒರಗಿ ನಿಂತಿದ್ದ. ತಪ್ಪನ್ನು ಮೈಮೇಲೆ ಯಾಕೆ ಹಾಕಿಕೊಂಡೆ ಎಂದು ಕೇಳಿದೆ.

"ತಿರುಗಿ ಹೇಳ್ಬೇಕಾದೋನು ನಾನೂ ಹೇಳ್ಲಿಲ್ವಲ್ಲ. ನಿನ್ನ ಬೆರಳೇ ನೋಡ್ತಾ ಇದ್ದೆ." ಬೈಕಿನ ಕನ್ನಡಿಯ ಧೂಳು ಒರೆಸಿದ. "ಆದ್ರೆ ಈ ಸೂಪು, ಬರೀ ತಪ್ಪಾಯ್ತು ಅಂತ ತರ್ತಿದ್ದೆಯಾ? ಇವತ್ತಿಗೆ ನಿಲ್ಲತ್ತಾ?"

"ತಪ್ಪಿಗೆ ತಂದಿದ್ದು ಮೊದಲನೇ ದಿನ ಮಾತ್ರ."

ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಪ್ಲಾಸ್ಟರಿನ ಕೈ ನನ್ನ ಸೊಂಟದ ಹತ್ತಿರ ಅನುಮಾನಿಸುತ್ತ ಬಂದು ನಿಂತಿತು. ನಾನು ಬಗ್ಗಿ ಅವನ ಬಲ ಬೂಟು ತಟ್ಟಿದೆ.

"ಬ್ರೇಕ್ ಬಲಗಾಲಿಗೆ."

"ಹಿಂದೆ ಕೂತೋನಿಗೆ ಯಾಕೆ ಮಾರಾಯ್ತಿ?"

"ಹೇಳು."

"ಬ್ರೇಕ್ ಬಲಗಾಲಿಗೆ," ಅಂದ, ನನ್ನ ಕಿವಿಯ ಹತ್ತಿರ. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ಇನ್ನೊಮ್ಮೆ ಹೇಳಿಸಿದೆ.